ನಿಮಗಿದು ಗೊತ್ತೇ? ಬಿಸಿಬೇಳೆಭಾತಿನ ಮೊಗ್ಗು, ಬೊರಿವಲಿಯ ಬೂರುಗ

✦ ಬಿಸಿಬೇಳೆಭಾತಿನ ಪುಡಿಗೆ ಹುರಿದು ಹಾಕುವ ಮರಾಠಿ ಮೊಗ್ಗಿಗೆ ಮರಾಠಿ ಅಡುಗೆಮನೆಯಲ್ಲಿ ಬಳಕೆ ಕಡಿಮೆ. ಅಲ್ಲಿನ ಗೋಡಾ ಮಸಾಲೆಗೆ ಬೇಕಾದದ್ದು ದಗಡಫೂಲ, ನಾಗಕೇಸರ. ಮುಂಬಯಿ ಕನ್ನಡಿಗರು ಈ ಮೊಗ್ಗನ್ನು ಹುಡುಕುವುದು ಮಾಟುಂಗಾದ ದಕ್ಷಿಣ ಭಾರತೀಯ ಅಂಗಡಿಗಳಲ್ಲಿ. ಲವಂಗದ ಅಣ್ಣನಂತೆ ಕಾಣುವ ಅದು ಬೂರುಗದ ಬಳಗದ ಮರದ್ದು. ಆ ಬಳಗದ ಕೆಂಪು ಬೂರುಗ ಬೊರಿವಲಿಯ ಕಾಡಿನಲ್ಲೇ ಇದೆ!

✦ ಮರಾಠಿಯಲ್ಲಿ ಇದು ಕಾಟೇಸಾವರ, ಅಂದರೆ ಮುಳ್ಳಿನ ಸಾವರ. ಸಂಸ್ಕೃತದಲ್ಲಿ ಶಾಲ್ಮಲಿ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ಬಾಂಬ್ಯಾಕ್ಸ್ ಸೀಬಾ. ಬಾಂಬೆಗೂ ಬಾಂಬ್ಯಾಕ್ಸಿಗೂ ನಂಟಿಲ್ಲ; ಆ ಪದ ರೇಷ್ಮೆಯನ್ನು ಸೂಚಿಸುವ ಗ್ರೀಕ್ ಮೂಲದ್ದು.

✦ ಎಳೆಯ ಮರದ ಮೈತುಂಬ ಶಂಕುವಿನಂಥ ಮುಳ್ಳು. ಕಾಂಡ ಬಲಿತಂತೆ ಮುಳ್ಳು ಕಡಿಮೆಯಾಗುತ್ತದೆ. ಮುದಿ ಮರದ ಬುಡದಲ್ಲಿ ಗೋಡೆಯಂತೆ ಚಾಚಿದ ಆನಿಕೆ ಬೇರುಗಳು.

✦ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ, ಬೋಳು ಕೊಂಬೆಯಲ್ಲಿ ಹೂ ಅರಳುವ ಮರ ಇದು. ಮುಂಬಯಿಯಲ್ಲಿ ಇದರ ಕಾಲ ಜನವರಿಯಿಂದ ಮಾರ್ಚ್. ದಪ್ಪನೆಯ ಐದು ಕೆಂಪು ದಳ, ನಡುವೆ ಕೇಸರಗಳ ಗೊಂಚಲು, ತಳದಲ್ಲಿ ಮಕರಂದ. ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಹೂಬಿಟ್ಟ ಒಂದು ಬೂರುಗದ ಕೆಳಗೆ ಬೆಳಗ್ಗೆ ಅರ್ಧ ಗಂಟೆ ನಿಂತು ನೋಡಿ: ಮೈನಾ, ಕಾಗೆ, ಕಾಜಾಣ, ಸೂರಕ್ಕಿಗಳ ಸಂತೆಯೇ ನೆರೆದಿರುತ್ತದೆ. ಕೆಳಗೆ ಬಿದ್ದ ಹೂ ಜಿಂಕೆಗೆ ಮೇವು. ಈ ನಗರದಲ್ಲಿ ಇಷ್ಟು ಒಳ್ಳೆಯ ನೋಟ ಅಪರೂಪ.

✦ ಹೂವನ್ನು ಮನುಷ್ಯರೂ ತಿನ್ನುತ್ತಾರೆ. ಉತ್ತರ ಭಾರತದಲ್ಲಿ ಎಳೆಮೊಗ್ಗಿನ ಪಲ್ಯ ಮಾಡುತ್ತಾರೆ. ಉತ್ತರ ಥಾಯ್ಲೆಂಡಿನ ಶಾವಿಗೆ ಸಾರಿಗೆ ಒಣಗಿಸಿದ ಕೇಸರ ಬೀಳಲೇಬೇಕು. ಚೀನಾದ ಗ್ವಾಂಗ್‌ಝೌ ನಗರಕ್ಕಂತೂ ಇದೇ ನಗರಪುಷ್ಪ. ಒಣಹೂವಿನ ಕಷಾಯ ಅಲ್ಲಿ ಮನೆಮಾತು.

✦ ತೊಗಟೆಗೆ ಗಾಯವಾದಾಗ ಒಸರಿ ಕಂದಾಗಿ ಗಟ್ಟಿಯಾಗುವ ಅಂಟಿಗೆ ಆಯುರ್ವೇದದಲ್ಲಿ ಮೋಚರಸ ಎಂಬ ಹೆಸರು. ರುಚಿ ಒಗರು. ಭೇದಿ, ಆಮಶಂಕೆ, ಅತಿಸ್ರಾವಕ್ಕೆ ವೈದ್ಯರು ಬಳಸುತ್ತ ಬಂದದ್ದು ಆ ಒಗರಿನ ಗುಣಕ್ಕಾಗಿಯೇ. ಮುಳ್ಳನ್ನು ಹಾಲಿನಲ್ಲಿ ತೇದು ಮೊಡವೆಗೆ ಹಚ್ಚುವುದು ಹಳೆಯ ಮನೆಮದ್ದು. ಆದರೆ ಒಳಗೆ ಸೇವಿಸುವ ಯಾವುದನ್ನೂ ವೈದ್ಯರನ್ನು ಕೇಳದೆ ಮುಟ್ಟಬೇಡಿ.

✦ ಏಪ್ರಿಲ್–ಮೇ ಹೊತ್ತಿಗೆ ಕಾಯಿ ಒಡೆದು ಅರಳೆ ಹಾರುತ್ತದೆ. ಎಳೆ ಗಿಡ್ಡ, ನುಣುಪು. ನೂಲಿಗೆ ಒದಗದು, ದಿಂಬಿಗೆ ಸೊಗಸು. ಹಗುರಾದ ಕಟ್ಟಿಗೆ ಬೆಂಕಿಕಡ್ಡಿಗೆ ಹೋಗುತ್ತದೆ.

✦ ನಿಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಡಿಸೆಂಬರಿನಲ್ಲಿ ಬೋಳು ಬೂರುಗ ಕಂಡರೆ ಸತ್ತಿದೆಯೆಂದು ತಿಳಿಯಬೇಡಿ. ಮಹಾರಾಷ್ಟ್ರದ ನಗರಗಳಲ್ಲಿ ಮರ ಕಡಿಯಲು 1975ರ ಕಾಯ್ದೆಯಂತೆ ಅನುಮತಿ ಬೇಕು. ಕೊಡಲಿ ತರುವವರನ್ನು ತಡೆಯಿರಿ, ಫೆಬ್ರವರಿಯವರೆಗೆ ಕಾಯಿರಿ.