ಮೊಣಕೈ ಮುರಿದ ಮಗುವಿನ ಬೆರಳುಗಳನ್ನು ನೋಡಿ

ಕಳೆದ ಬೇಸಿಗೆ ರಜೆಯಲ್ಲಿ ಏಳು ವರ್ಷದ ಹುಡುಗನೊಬ್ಬನನ್ನು ಅವನ ಉಮ್ಮ ಮತ್ತು ಅಜ್ಜಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಹಿಂದಿನ ದಿನ ಸಂಜೆ ಪೇರಳೆ ಮರದಿಂದ ಬಿದ್ದಿದ್ದ. ಮೂಳೆ ಕಟ್ಟುವವರೊಬ್ಬರು ಕೈಯನ್ನು ಎಳೆದು, ಮೊಟ್ಟೆಯ ಬಿಳಿಯಲ್ಲಿ ಉದ್ದಿನ ಹಿಟ್ಟು ಕಲಸಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ್ದರು. "ರಾತ್ರಿಯಿಡೀ ಅತ್ತಿದ್ದಾನೆ ಡಾಕ್ಟ್ರೇ, ನೋವಿಗೆ ಒಂದು ಎಣ್ಣೆ ಕೊಡಿ" ಎಂದರು ಅಜ್ಜಿ. ಬೆರಳುಗಳು ಬಾತುಕೊಂಡಿದ್ದವು, ಮುಟ್ಟಿದರೆ ತಣ್ಣಗಿದ್ದವು. ನಾನು ಎಣ್ಣೆ ಕೊಡಲಿಲ್ಲ. ಕತ್ತರಿ ತೆಗೆದುಕೊಂಡು ಕಟ್ಟನ್ನು ಉದ್ದಕ್ಕೂ ಕತ್ತರಿಸಿದೆ. ಕೈಗೆ ಮೆತ್ತನೆಯ ಆಸರೆ ಕೊಟ್ಟು, ಆಗಲೇ ರಿಕ್ಷಾ ಹತ್ತಿಸಿ ಮೂಳೆ ತಜ್ಞರಿರುವ ಆಸ್ಪತ್ರೆಗೆ ಕಳುಹಿಸಿದೆ.

ಮಕ್ಕಳು ಬೀಳುವಾಗ ಕೈ ಚಾಚಿ ನೆಲಕ್ಕೆ ಊರುತ್ತಾರೆ. ಆ ಪೆಟ್ಟು ಮೊಣಕೈಗೆ ಸ್ವಲ್ಪ ಮೇಲೆ, ತೋಳಿನ ಮೂಳೆ ತೆಳುವಾಗಿರುವ ಜಾಗಕ್ಕೆ ಬೀಳುತ್ತದೆ. ಮಕ್ಕಳ ಮೊಣಕೈ ಮುರಿತಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಐದರಿಂದ ಏಳು ವರ್ಷದವರಲ್ಲಿ ಹೆಚ್ಚು. ಮುರಿದ ಮೂಳೆಯ ಚೂಪಾದ ತುದಿ ಸಾಮಾನ್ಯವಾಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಅಲ್ಲಿಯೇ ಕೈಗೆ ರಕ್ತ ಒಯ್ಯುವ ದೊಡ್ಡ ನಾಳವೂ ಬೆರಳುಗಳನ್ನು ಆಡಿಸುವ ನರಗಳೂ ಹಾದುಹೋಗುತ್ತವೆ. (ನಾವು ಮಾತಿನಲ್ಲಿ ರಕ್ತನಾಳಕ್ಕೂ ನರ ಎನ್ನುತ್ತೇವೆ. ಇಲ್ಲಿ ನಾನು ಹೇಳುತ್ತಿರುವುದು ಮೆದುಳಿನ ಆಜ್ಞೆ ಒಯ್ಯುವ ನರ, ಯುನಾನಿಯಲ್ಲಿ 'ಅಸಬ್' ಎನ್ನುವುದು.) ಮೂಳೆ ಜಾಗ ಬಿಟ್ಟು ಸರಿದಿದ್ದರೆ ಸುಮಾರು 10 ಮಕ್ಕಳಲ್ಲಿ ಒಬ್ಬರಿಗೆ ಯಾವುದಾದರೊಂದು ನರಕ್ಕೆ ಪೆಟ್ಟಾಗಿರುತ್ತದೆ.

ಈ ಪೆಟ್ಟು ಕಣ್ಣಿಗೆ ಬೀಳುವುದಿಲ್ಲ. ಹೆಚ್ಚಾಗಿ ಪೆಟ್ಟು ತಿನ್ನುವ ಒಂದು ನರದ ಕವಲಿಗೆ ಚರ್ಮದ ಸ್ಪರ್ಶದ ಕೆಲಸವೇ ಇಲ್ಲ. ಆದ್ದರಿಂದ ಮಗು ಜೋಮು ಹಿಡಿದಿದೆ ಎನ್ನುವುದಿಲ್ಲ. "ಬೆರಳು ಆಡಿಸು" ಎಂದರೆ ಸ್ವಲ್ಪ ಆಡಿಸಿಯೂ ತೋರಿಸುತ್ತದೆ. ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆ ಕವಲಿನ ಕೆಲಸ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಗೆಣ್ಣನ್ನು ಮಡಿಸುವುದು. ಅದನ್ನು ಪರೀಕ್ಷಿಸಲು ಎರಡೂ ಬೆರಳ ತುದಿ ಕೂಡಿಸಿ ದುಂಡನೆಯ ಬಳೆ ಮಾಡಲು ಹೇಳಿ. ಬಳೆ ದುಂಡಗಾಗದೆ ಬೆರಳುಗಳು ಚಪ್ಪಟೆಯಾಗಿ ಅಂಟಿಕೊಂಡರೆ ನರ ಕೆಲಸ ಮಾಡುತ್ತಿಲ್ಲ.

ಉಳಿದದ್ದಕ್ಕೆ ಮಕ್ಕಳ ಕಲ್ಲು-ಕಾಗದ-ಕತ್ತರಿ ಆಟವೇ ಸಾಕು. ಮುಷ್ಟಿ ಹಿಡಿದು 'ಕಲ್ಲು' ಮಾಡಿದರೆ ಮುಂಗೈಯ ನಡುವೆ ಹೋಗುವ ನರ, ಅಂಗೈ ಪೂರ್ತಿ ಬಿಡಿಸಿ ಮಣಿಕಟ್ಟು ಎತ್ತಿ 'ಕಾಗದ' ಮಾಡಿದರೆ ಹಿಂಬದಿಯ ನರ, ಎರಡು ಬೆರಳು ಅಗಲಿಸಿ 'ಕತ್ತರಿ' ಮಾಡಿದರೆ ಕಿರುಬೆರಳ ಕಡೆಯ ನರ ಸರಿಯಿದೆ ಎಂದರ್ಥ. ನೋವಿನಲ್ಲಿರುವ ಮಗುವನ್ನು ಒತ್ತಾಯಿಸಬೇಡಿ, ಮೊಣಕೈ ಅಲುಗಿಸಬೇಡಿ. ಒಳ್ಳೆಯ ಕೈಯಲ್ಲಿ ಮೊದಲು ಮಾಡಿಸಿದರೆ ಮಗುವಿಗೆ ಅರ್ಥವಾಗುತ್ತದೆ. ಮಾಡಲಾಗದ್ದನ್ನು ವೈದ್ಯರಿಗೆ ಹೇಳಿ. ಶಸ್ತ್ರಚಿಕಿತ್ಸೆಗೆ ಮೊದಲೇ ಅದು ಚೀಟಿಯಲ್ಲಿ ದಾಖಲಾಗಲಿ. ಮುರಿತ ಕೂಡಿಸಲು ಹಾಕುವ ತಂತಿಯಿಂದಲೂ ಅಪರೂಪಕ್ಕೆ ಕಿರುಬೆರಳ ಕಡೆಯ ನರಕ್ಕೆ ತೊಂದರೆಯಾಗುವುದುಂಟು. ಮೊದಲು ಹೇಗಿತ್ತೆಂದು ಬರೆದಿಡದಿದ್ದರೆ ನಂತರ ಯಾರಿಗೂ ತಿಳಿಯುವುದಿಲ್ಲ.

ಇನ್ನು ಆ ಬಿಗಿ ಕಟ್ಟಿನ ವಿಷಯ. ಮುರಿದ ಜಾಗ ಮೊದಲ ಒಂದೆರಡು ದಿನ ಊದಿಕೊಳ್ಳುತ್ತಲೇ ಇರುತ್ತದೆ. ಕಟ್ಟು ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರಿ ಮಾಂಸಖಂಡಕ್ಕೆ ರಕ್ತ ನಿಲ್ಲುತ್ತದೆ. ಹಾಗೆ ಆರು ಗಂಟೆ ಕಳೆದರೆ ಮಾಂಸಖಂಡವೂ ನರವೂ ಸಾಯತೊಡಗುತ್ತವೆ, ಆಮೇಲೆ ಬೆರಳುಗಳು ಕೊಕ್ಕೆಯಂತೆ ಬಾಗಿ ಹಾಗೆಯೇ ಉಳಿಯುತ್ತವೆ. 1881ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಶಸ್ತ್ರವೈದ್ಯ ವೋಲ್ಕ್‌ಮನ್ನರ ಹೆಸರಿನಿಂದಲೇ ಈ ಊನ ಇಂದಿಗೂ ಗುರುತಿಸಲ್ಪಡುತ್ತದೆ. ಆಸ್ಪತ್ರೆಯ ಪ್ಲಾಸ್ಟರ್‌ನಲ್ಲೂ ಹೀಗಾಗಬಹುದು. ಔಷಧ ಕೊಟ್ಟರೂ ಏರುತ್ತಲೇ ಹೋಗುವ ನೋವು, ಬೆರಳನ್ನು ನೀವು ಮೆಲ್ಲಗೆ ನೇರ ಮಾಡಿದರೆ ಮಗು ಚೀರುವುದು, ಬೆರಳು ಬಿಳಿಚುವುದು ಅಥವಾ ತಣ್ಣಗಾಗುವುದು – ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್'ನ ನಾಲ್ಕನೇ ಗ್ರಂಥದಲ್ಲಿ ಮೂಳೆ ಮುರಿತದ ಬಗ್ಗೆ ವಿವರವಾಗಿ ಬರೆದಿದ್ದಾರೆ. ದಬ್ಬೆ ಕಟ್ಟಲು ಆತುರಪಡಬಾರದು, ಕೆಲವು ದಿನ ಬಿಟ್ಟು ಕಟ್ಟಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಆ ಗ್ರಂಥವನ್ನು ಓದಿ ಪದವಿ ಪಡೆದವನಾಗಿ ಹೇಳುತ್ತೇನೆ: ಹೊಸದಾಗಿ ಮುರಿದ ಮೊಣಕೈಗೆ ನನ್ನ ಬಳಿ ಎಣ್ಣೆಯಿಲ್ಲ, ಯಾರ ಬಳಿಯೂ ಇಲ್ಲ. ಉಜ್ಜಬೇಡಿ, ಎಳೆಯಬೇಡಿ. ಕೈ ಹೇಗಿದೆಯೋ ಹಾಗೆಯೇ ರಟ್ಟು ಅಥವಾ ಮಡಿಸಿದ ಪತ್ರಿಕೆ ಇಟ್ಟು, ದುಪಟ್ಟಾದಿಂದ ಸಡಿಲವಾಗಿ ತೂಗುಹಾಕಿ. ಬಳೆ, ಕೈದಾರ ಇದ್ದರೆ ತೆಗೆಯಿರಿ. ಅಳುವ ಮಗುವಿಗೆ ಹಾಲು, ಬಿಸ್ಕತ್ತು ಕೊಡಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವುದು ತಡವಾಗುತ್ತದೆ.

ನರಕ್ಕೆ ಪೆಟ್ಟಾಗಿದೆ ಎಂದ ಕೂಡಲೇ ಎದೆಗುಂದಬೇಡಿ. ಹೆಚ್ಚಿನ ಮಕ್ಕಳಲ್ಲಿ ನರ ತುಂಡಾಗಿರುವುದಿಲ್ಲ, ಜಗ್ಗಿರುತ್ತದೆ ಅಥವಾ ಜಜ್ಜಿರುತ್ತದೆ. ಮೂರರಿಂದ ಆರು ತಿಂಗಳಲ್ಲಿ ತಾನಾಗಿಯೇ ಚೇತರಿಸುತ್ತದೆ. ನರ ಹೊಸದಾಗಿ ಬೆಳೆಯಬೇಕಾದರೆ ಅದರ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮೂರು ತಿಂಗಳಾದರೂ ಏನೂ ಬದಲಾವಣೆ ಕಾಣದಿದ್ದರೆ ನರದ ಪರೀಕ್ಷೆ ಬೇಕು. ಪ್ಲಾಸ್ಟರ್ ಬಿಚ್ಚಿದ ಮೇಲೂ ಮೊಣಕೈಯನ್ನು ತಿಕ್ಕಿ ಬಲವಂತವಾಗಿ ಮಡಿಸಬೇಡಿ. ಹಾಗೆ ಮಾಡಿದರೆ ಮಾಂಸದೊಳಗೆ ಮೂಳೆ ಬೆಳೆದು ಕೈ ಬಿಗಿದುಕೊಳ್ಳಬಹುದು. ನನ್ನ ಬಳಿ ಬಂದಿದ್ದ ಹುಡುಗ ನಾಲ್ಕನೇ ತಿಂಗಳಲ್ಲಿ ದುಂಡನೆಯ ಬಳೆ ಮಾಡಿ ತೋರಿಸಿದ. ಅಜ್ಜಿ ಆಗಲೂ ಎಣ್ಣೆ ಕೇಳಿದರು.

ಬೇಗ ವಾಸಿಯಾಯಿತೆಂದು ಮರೆತುಬಿಡುವ ಮುರಿತವೂ ಇದೆ. ಮೊಣಕೈಯ ಹೊರಬದಿಯ ಗುಬುಟು ಮುರಿದಾಗ ಊತ ಕಡಿಮೆ, ಎಕ್ಸ್‌ರೇಯಲ್ಲೂ ಸಣ್ಣ ಚೂರಿನಂತೆ ಕಾಣುತ್ತದೆ. ಉಳುಕು ಎಂದುಕೊಂಡು ಬಿಟ್ಟರೆ ಅದು ಕೂಡದೆ, ಮಗು ಬೆಳೆದಂತೆ ಕೈ ಹೊರಕ್ಕೆ ವಾಲುತ್ತದೆ. ಒಳಬದಿಯ ನರ ವರ್ಷಗಟ್ಟಲೆ ಜಗ್ಗುತ್ತಾ ಸವೆಯುತ್ತದೆ. ಬೀಡಿ ಕಟ್ಟುವ ನಲವತ್ತರ ಮಹಿಳೆಯೊಬ್ಬರು ಕಿರುಬೆರಳು ಜೋಮು ಹಿಡಿದಿದೆ, ಎಲೆ ಸುರುಳಿ ಸುತ್ತಲಾಗುತ್ತಿಲ್ಲ ಎಂದು ಬಂದಿದ್ದರು. ಹೆಬ್ಬೆರಳು-ತೋರುಬೆರಳ ನಡುವಿನ ಮಾಂಸ ಕರಗಿ ಗುಳಿ ಬಿದ್ದಿತ್ತು. ಕೈ ಚಾಚಲು ಹೇಳಿದೆ, ಮೊಣಕೈ ಹೊರಕ್ಕೆ ವಾಲಿತ್ತು. ಆರನೇ ವಯಸ್ಸಿನಲ್ಲಿ ಜಗಲಿಯಿಂದ ಬಿದ್ದಿದ್ದೆ ಎಂದು ನೆನಪಿಸಿಕೊಂಡರು. ಶಸ್ತ್ರಚಿಕಿತ್ಸೆಯಲ್ಲಿ ನರವನ್ನು ಒತ್ತಡವಿಲ್ಲದ ಜಾಗಕ್ಕೆ ಸರಿಸಿದರು. ಜೋಮು ಕಡಿಮೆಯಾಯಿತು. ಕರಗಿದ ಮಾಂಸ ಮರಳಲಿಲ್ಲ.