ನಾಟಕದ ಮಾಸ್ತರರ ವ್ಯಾಸಂಗ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ನಾಟಕದ ಮಾಸ್ತರನಿಗೆ ಸಲ್ಲುತ್ತ ಬಂದ ಗೌರವವನ್ನು ಬಲ್ಲವರಿಗೆ, ಆ ವಿದ್ಯೆಯನ್ನು ವಿಶ್ವವಿದ್ಯಾಲಯದಲ್ಲಿ ಕುಳಿತು ಅಭ್ಯಾಸಮಾಡಿ ಸ್ನಾತಕೋತ್ತರ ಪದವಿಯನ್ನು ಪಡೆಯಬೇಕೆಂಬ ಮಾತು ಮೊದಲಿಗೆ ಕೊಂಚ ವಿನೋದವಾಗಿಯೇ ಕೇಳಿಸೀತು. ಸುಗ್ಗಿ ಮುಗಿದು ಜಾತ್ರೆ ಸಮೀಪಿಸಿದೊಡನೆ ಪೇಟಿಯನ್ನು ಹೊರಿಸಿಕೊಂಡು ಊರಿಗೆ ಬಂದಿಳಿದು, ಗುಡಿಯ ಕಟ್ಟೆಯ ಬಳಿ ತಾಲೀಮು ಹೂಡಿ, ಅಕ್ಷರ ಬಾರದವನ ಬಾಯಲ್ಲಿಯೂ ಪದ್ಯವನ್ನು ನಿಲ್ಲಿಸಿ, ಯಾರಿಗೆ ಯಾವ ಪಾರ್ಟು ಒಪ್ಪುವುದೆಂಬುದನ್ನು ನಡಿಗೆಯಿಂದಲೇ ಗುರುತಿಸಬಲ್ಲ ಆ ಮಹನೀಯನು ಯಾವ ಪ್ರಮಾಣಪತ್ರವನ್ನು ಕಂಡವನು? ಇದೇ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತಷ್ಟೆ. ಅಂಥವರ ವಿದ್ಯೆಗೆ ಮನೆಯೇ ಪಾಠಶಾಲೆ, ಕುಲದ ಹಿರಿಯರೇ ಆಚಾರ್ಯರು.

ಆದರೆ ಈ ಪರಂಪರೆಯು ರೂಪಿಸುವುದು ಪಾತ್ರಧಾರಿಯನ್ನು. ಶಾಲೆಯ ಮಗುವಿನೊಡನೆ ನಾಟಕವಾಡುವುದು ಬೇರೆಯೇ ವಿದ್ಯೆಯೆಂಬುದು ನಮ್ಮಲ್ಲಿ ಇನ್ನೂ ಮನವರಿಕೆಯಾದಂತಿಲ್ಲ. ಗ್ಯಾದರಿಂಗಿನ ರಾತ್ರಿ ಒಂದೇ ಮೈಕಿನ ಮುಂದೆ ಸಾಲಾಗಿ ನಿಂತ ಮಕ್ಕಳು, ಪರದೆಯ ಮರೆಯಿಂದ ಮಾತನ್ನು ಎತ್ತಿಕೊಡುವ ಗುರುಗಳು, ಅಂಟು ಬಿಟ್ಟ ಮೀಸೆಯನ್ನು ಎಡಗೈಯಿಂದ ಒತ್ತಿಹಿಡಿದು ಬಲಗೈಯಿಂದ ಖಡ್ಗವನ್ನೆತ್ತುವ ಐದನೆಯ ತರಗತಿಯ ಕುಮಾರರಾಮ, ಇವರನ್ನು ನೋಡಿ ನಾವು ಚಪ್ಪಾಳೆ ತಟ್ಟುತ್ತೇವೆ, ತಟ್ಟಬೇಕಾದದ್ದೇ. ಆ ಹುಡುಗನು ಕಲಿತದ್ದೇನೆಂದು ಕೇಳುವವರು ಮಾತ್ರ ವಿರಳ.

ಕೇಳಿದವರು ಇಲ್ಲದಿಲ್ಲ. ಬಾಲ್ಯದಲ್ಲಿಯೇ ಮನೆಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದ ಬಿ.ವಿ. ಕಾರಂತರು, ರಾಷ್ಟ್ರೀಯ ನಾಟಕ ಶಾಲೆಯ ವ್ಯಾಸಂಗವನ್ನು ಮುಗಿಸಿದ ಬಳಿಕ, ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಗುರುವಾಗಿದ್ದು, ಅನಂತರವಷ್ಟೇ, 1977ರಲ್ಲಿ, ತಾವು ಕಲಿತ ನಾಟಕ ಶಾಲೆಗೆ ನಿರ್ದೇಶಕರಾದರು. ಟಾಗೋರರ ಗಿಳಿಯ ಕಥೆಯನ್ನು ಆಧರಿಸಿದ ಅವರ 'ಪಂಜರಶಾಲೆ'ಯು, ಪಕ್ಷಿಗೆ ಪುಸ್ತಕಗಳನ್ನು ತುರುಕುವ ಪಂಡಿತರನ್ನು ಮಕ್ಕಳ ಕೈಯಿಂದಲೇ ನಗೆಗೀಡುಮಾಡಿಸಿದ ನಾಟಕ. ಶಿಕ್ಷಣಶಾಸ್ತ್ರದ ಅನೇಕ ಗ್ರಂಥಗಳು ಹೇಳಲಾರದ್ದನ್ನು ಅದು ಹೇಳಿತೆಂದೇ ನನ್ನ ಭಾವನೆ. ಅದೇ ನಾಟಕ ಶಾಲೆಯಲ್ಲಿ ಕಲಿತ ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ನಾಟಕ ತಂಡದ ಮಕ್ಕಳ ರಂಗಭೂಮಿಯನ್ನು ಕಟ್ಟಿ ಬೆಳೆಸಿದರು. ಹೆಗ್ಗೋಡಿನ ನೀನಾಸಮ್ 1980ರಲ್ಲಿ ತೆರೆದ ರಂಗಶಿಕ್ಷಣ ಕೇಂದ್ರವೂ, ಸಾಣೇಹಳ್ಳಿಯಲ್ಲಿ 2008ರಲ್ಲಿ ಆರಂಭವಾದ ರಂಗಶಾಲೆಯೂ ನೂರಾರು ತರುಣರನ್ನು ತಿದ್ದಿ ಕಳುಹಿಸಿವೆ. ಅವರಲ್ಲಿ ಹಲವರು ಶಾಲೆಗಳಿಗೆ ಹೋಗಿದ್ದಾರೆ. ಆದರೂ ಅಲ್ಲಿಯ ಪ್ರಧಾನವಾದ ಅಭ್ಯಾಸ ನಟನದು, ರಂಗಸಜ್ಜಿಕೆಯದು, ಮಗುವಿನ ಮನಸ್ಸಿನದಲ್ಲ.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1965ರಲ್ಲಿ ಬೆಲ್‌ಗ್ರೇಡ್ ರಂಗಮಂದಿರದ ನಟರು ಶಾಲೆಗಳೊಳಕ್ಕೇ ನಡೆದು, ಪಾಠವನ್ನೂ ನಾಟಕವನ್ನೂ ಒಂದುಗೂಡಿಸಿದ ಪ್ರಯೋಗದಿಂದ, ಮಗುವಿನೊಡನೆ ನಾಟಕವಾಡಿ ಕಲಿಸುವ ಈ ಶಾಸ್ತ್ರಕ್ಕೆ 'ಶಿಕ್ಷಣದಲ್ಲಿ ರಂಗಭೂಮಿ' (ಥಿಯೇಟರ್ ಇನ್ ಎಜುಕೇಶನ್) ಎಂಬ ಹೆಸರು ಬಂದಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದಂತಹ ಕಡೆ ಅದು ಸ್ನಾತಕೋತ್ತರ ಪದವಿಯ ವಿಷಯವಾಯಿತು. ನಮ್ಮ ರಾಷ್ಟ್ರೀಯ ನಾಟಕ ಶಾಲೆಯು 1989ರಲ್ಲಿ ಇದಕ್ಕೆಂದೇ ಒಂದು ತಂಡವನ್ನು ಕಟ್ಟಿತು. ತ್ರಿಪುರದ ಅಗರ್ತಲದಲ್ಲಿರುವ ಅದರ ಕೇಂದ್ರವು ಈ ವಿಷಯವೊಂದನ್ನೇ ಬೋಧಿಸುತ್ತದೆ.

ಅಂಥ ವಿದ್ಯಾರ್ಥಿಯು ಕಲಿಯುವುದಾದರೂ ಏನನ್ನು? ಗಂಗಾವತಿ ಬಳಿಯ ಹೇಮಗುಡ್ಡದ ಕೋಟೆಯನ್ನೇ ತರಗತಿಯನ್ನಾಗಿ ಭಾವಿಸಿಕೊಳ್ಳೋಣ. ಮಹಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತ ಬಹಾಉದ್ದೀನ್ ಗುರ್ಷಾಸ್ಪನು ಕುಮಾರರಾಮನ ತಂದೆಯಾದ ಕಂಪಿಲಿಯ ಅರಸನ ಮರೆಹೊಕ್ಕದ್ದೂ, ಅರಸನು ಅವನನ್ನು ಒಪ್ಪಿಸದೆ 1327ರ ಸುಮಾರಿಗೆ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡದ್ದೂ ಇತಿಹಾಸ. ಹಳೆಯ ಕ್ರಮದ ಮಾಸ್ತರನು ಇಲ್ಲಿ ಪಾರ್ಟು ಹಂಚುವನು. ಹೊಸ ಶಿಕ್ಷಣವನ್ನು ಪಡೆದವನು ಹೆಗಲಿಗೊಂದು ಶಾಲು ಹೊದ್ದು ತಾನೇ ದೆಹಲಿಯ ದೂತನಾಗಿ ಒಳಬಂದು, "ನಿಮ್ಮಲ್ಲಿ ಅಡಗಿರುವವನನ್ನು ಒಪ್ಪಿಸಿರಿ, ಇಲ್ಲವೇ ಮುತ್ತಿಗೆಗೆ ಸಿದ್ಧರಾಗಿರಿ" ಎಂದಷ್ಟೇ ನುಡಿದು ಸುಮ್ಮನಾಗುವನು. ಮಕ್ಕಳು ಮಂತ್ರಿಗಳು, ಧಾನ್ಯದ ವರ್ತಕರು, ಕೋಟೆಯ ಹೊರಗೆ ಕುರಿ ಕಾಯುವವರು. ಗುಡ್ಡದ ಮೇಲೆ ನೀರು ಎಷ್ಟು ದಿನಕ್ಕೆ ಸಾಕಾದೀತೆಂದು ಒಬ್ಬಳು ಕೇಳಿದರೆ ಪಾಠವು ಗಣಿತಕ್ಕೆ ಹೊರಳುವುದು. ಹೊರಗಿನ ಕುರುಬನ ಗತಿಯೇನೆಂದು ಇನ್ನೊಬ್ಬನು ಕೇಳಿದರೆ ನೀತಿಗೆ. ದೂತನು ಉತ್ತರವನ್ನು ಹೇಳತಕ್ಕದ್ದಲ್ಲ. ಶಾಲನ್ನು ತೆಗೆದಿಟ್ಟ ಮೇಲೆಯೇ ಅವನು ಮತ್ತೆ ಗುರು.

ಸುಲಭವಾಗಿ ತೋರುವ ಈ ಕೆಲಸಕ್ಕೆ ಬೇಕಾಗುವ ಸಿದ್ಧತೆ ಅಲ್ಪವಲ್ಲ. ಮೂಲೆ ಸೇರಿದ ಮಗುವನ್ನು ಎಳೆದು ತರಬೇಕೋ, ಕಾಯಬೇಕೋ, ಆಟವು ಜಗಳವಾಗುವ ಕ್ಷಣದಲ್ಲಿ ಅದನ್ನು ಎಲ್ಲಿ ತಡೆಯಬೇಕು, ಎಂಬುದು ಮನಶ್ಶಾಸ್ತ್ರದ ವಿಷಯ. ಇನ್ನು ಮೇಲಿನ ಕಥೆಯಲ್ಲಿ ಮರೆಹೊಕ್ಕ ಗುರ್ಷಾಸ್ಪನೂ ಅವನನ್ನು ಬೆನ್ನಟ್ಟಿಸಿದ ತುಘಲಕನೂ ಒಂದೇ ಮನೆತನದವರು, ಸೋದರಸಂಬಂಧಿಗಳು. ಇದನ್ನು ಮುಚ್ಚಿಟ್ಟು, ಮತಗಳ ಜಗಳವೆಂಬಂತೆ ಕಥೆ ಹೇಳುವ ಅರೆಕಲಿತ ಮಾಸ್ತರನು ತರಗತಿಯಲ್ಲಿ ಕಿಚ್ಚನ್ನೇ ಹಚ್ಚಿಯಾನು. ಆದಕಾರಣ ನಟನಿಗಿಂತಲೂ ಈತನಿಗೆ ಇತಿಹಾಸದ ಓದು ಹೆಚ್ಚು ಅವಶ್ಯಕ.

ತುಂಗಭದ್ರೆಯ ಆಚೆ ದಡದ ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಅದರ ಪ್ರಥಮ ಕುಲಪತಿಗಳಾದ ಚಂದ್ರಶೇಖರ ಕಂಬಾರರು ಸ್ವತಃ ನಾಟಕಕಾರರು, ಮಕ್ಕಳಿಗಾಗಿಯೂ ಬರೆದವರು. ಇಂತಹ ಪದವಿಯೊಂದು ಕನ್ನಡದಲ್ಲಿ ನೆಲೆಗೊಳ್ಳಲು ಅದಕ್ಕಿಂತ ಉಚಿತವಾದ ಸ್ಥಳವು ನನಗೆ ತೋರದು. ಎರಡು ವರ್ಷಗಳಲ್ಲಿ ಒಂದನ್ನು ಗ್ರಂಥಾಲಯಕ್ಕೂ ರಂಗಕ್ಕೂ ಕೊಟ್ಟು, ಇನ್ನೊಂದರಲ್ಲಿ ವಿದ್ಯಾರ್ಥಿಯನ್ನು ಗಂಗಾವತಿ, ಕನಕಗಿರಿ ಕಡೆಯ ಸರಕಾರಿ ಶಾಲೆಗೆ ಹಗಲು, ಬಯಲಾಟದ ಮಾಸ್ತರನ ತಾಲೀಮಿಗೆ ರಾತ್ರಿ ಕಳುಹಿಸಬೇಕು. ಆ ಮಾಸ್ತರನಿಗೆ ಗೌರವಧನ ಕೊಡಬೇಕು, ಅಂಕ ಹಾಕುವ ಅಧಿಕಾರವನ್ನೂ ಕೊಡಬೇಕು. ಸರಕಾರವು ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದುಂಟು. ಪದವಿ ಬಂದಮೇಲೆ ಅಂತಹ ಹುದ್ದೆಗಳು ಹೆಚ್ಚದಿದ್ದರೆ, ಕಲಿತವರು ಬೆಂಗಳೂರಿನ ಧಾರಾವಾಹಿಗಳ ಕಡೆಗೇ ಬಸ್ಸು ಹತ್ತುವರು.