ಮೇಜಿನ ಮೇಲಿನ ಕೋಟೆಗೆ ಯಾವ ತುಂಡು?

ಮೇಜಿನ ಮೇಲೆ ಹೆಬ್ಬೆರಳುದ್ದದ ಗೊಂಬೆಗಳನ್ನಿಟ್ಟು, ದಾಳ ಉರುಳಿಸಿ, ಮಾಂತ್ರಿಕರೂ ರಾಕ್ಷಸರೂ ಓಡಾಡುವ ಕಥೆಯನ್ನು ನಾಲ್ಕಾರು ಜನ ಕೂಡಿ ಆಡುವ ಫ್ಯಾಂಟಸಿ ಆಟಕ್ಕೆ ಐವತ್ತು ವರ್ಷ ದಾಟಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಮೆರಿಕದಲ್ಲಿ ಹೊರಬಂದದ್ದು 1974ರಲ್ಲಿ. ಇಂಥ ಆಟಗಳಿಗೆ ಗೋಡೆ, ನೆಲ, ಮೆಟ್ಟಿಲು, ಹೊಳೆ, ಸೇತುವೆಗಳನ್ನು ಬಿಡಿ ತುಂಡುಗಳಾಗಿ ಮಾಡಿಟ್ಟುಕೊಂಡು ಬೇಕಾದ ಹಾಗೆ ಜೋಡಿಸುತ್ತಾರೆ, ಆಟ ಮುಗಿದ ಮೇಲೆ ಬಿಚ್ಚಿ ಡಬ್ಬಿಗೆ ತುಂಬುತ್ತಾರೆ. ಆಟಗಾರರ ಬಾಯಲ್ಲಿ ಇದರ ಹೆಸರು ಮಾಡ್ಯುಲರ್ ಟೆರೇನ್.

ವಿಜಯಪುರ, ತಿಕೋಟಾ, ಬಬಲೇಶ್ವರದ ಕಡೆ ಈ ಆಟಕ್ಕೆ ಕೂರುವವರು ಕೋಟೆ ಹೇಗಿರುತ್ತದೆಂದು ಪುಸ್ತಕ ತೆರೆದು ನೋಡಬೇಕಿಲ್ಲ. ಬುರುಜು, ಅಗಸೆ, ಕಂದಕ, ಕಮಾನು ಎಲ್ಲವೂ ದಿನಾ ಓಡಾಡುವ ದಾರಿಯಲ್ಲೇ ಇವೆ. ಆದರೆ ತುಂಡು ಆರಿಸುವ ಹೊತ್ತಿಗೆ ಕೆಲವು ನಂಬಿಕೆಗಳು ಅಡ್ಡ ಬಂದು ದುಡ್ಡನ್ನೂ ಆಟವನ್ನೂ ಕೆಡಿಸುತ್ತವೆ. ಅವೆಲ್ಲದರ ಬೇರು ಒಂದೇ: ತುಂಡು ನೋಡಲು ಹೇಗಿದೆ ಎಂದು ಮೊದಲು ಕೇಳಿ, ಅದರ ಮೇಲೆ ಆಟ ನಡೆಯುತ್ತದೆಯೇ ಎಂದು ಆಮೇಲೆ ಕೇಳುವುದು.

“ಇದೆಲ್ಲ ತ್ರೀಡಿ ಪ್ರಿಂಟರ್ ಬಂದ ಮೇಲಿನ ಶೋಕಿ”

ಬಿಡಿ ತುಂಡುಗಳ ರಣರಂಗಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. ಪ್ರಷ್ಯಾದ ಲಿಯೋಪೋಲ್ಡ್ ಫಾನ್ ರೈಸ್‌ವಿಟ್ಸ್ ಎಂಬಾತ 1812ರಲ್ಲಿ ತನ್ನ ರಾಜ ಮೂರನೆಯ ಫ್ರೆಡರಿಕ್ ವಿಲಿಯಂಗೆ ಒಂದು ಯುದ್ಧದಾಟದ ಮೇಜು ಮಾಡಿಕೊಟ್ಟ. ಗುಡ್ಡ, ಹೊಳೆ, ರಸ್ತೆ, ಊರುಗಳನ್ನು ಉಬ್ಬಾಗಿ ಮೂಡಿಸಿ ಬಣ್ಣ ಹಚ್ಚಿದ ಗಾರೆಯ ಬಿಲ್ಲೆಗಳು ಅದರಲ್ಲಿದ್ದವು. ಪ್ರತಿ ಆಟಕ್ಕೂ ಅವನ್ನು ಬೇರೆ ಬೇರೆಯಾಗಿ ಜೋಡಿಸಿ ಹೊಸ ನಾಡು ಕಟ್ಟಬಹುದಿತ್ತು. ಮುಂದೆ 1824ರಲ್ಲಿ ಅವನ ಮಗ ಅದೇ ಆಟವನ್ನು ಸೈನ್ಯಕ್ಕಾಗಿ ತಿದ್ದುವಾಗ ಬಿಲ್ಲೆಗಳನ್ನೇ ಕೈಬಿಟ್ಟು ಕಾಗದದ ನಕ್ಷೆ ಹಾಸಿದ. ಅಧಿಕಾರಿಗಳಿಗೆ ಬೇಕಾಗಿದ್ದದ್ದು ನಿಜವಾದ ನೆಲದ ಮೇಲಿನ ಲೆಕ್ಕಾಚಾರ, ಅದನ್ನು ನಕ್ಷೆ ಚೆನ್ನಾಗಿ ಕೊಟ್ಟಿತು. ರಾಜನ ಮನೆಯ ಚೆಂದದ ಬಿಲ್ಲೆಗಳು ಆಟದ ಅಗತ್ಯದ ಮುಂದೆ ಸೋತವು. ಇಂದು ಟೆರೇನ್ ಕೊಳ್ಳುವವರು ಈ ತಂದೆ ಮಗನ ಕಥೆಯನ್ನು ನೆನಪಿಟ್ಟರೆ ಅರ್ಧ ಖರ್ಚು ಉಳಿಯುತ್ತದೆ.

“ಟೆರೇನ್ ಎಂದರೆ ಅಲಂಕಾರ”

ಅಲ್ಲ, ಅದು ಆಟದ ನಿಯಮವೇ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯಲ್ಲಿ ಗೊಂಬೆಯ ಅರ್ಧ ಮೈ ಗೋಡೆಗೆ ಮರೆಯಾದರೆ ಅದರ ರಕ್ಷಣೆಗೆ 2 ಅಂಕ ಕೂಡುತ್ತದೆ, ಮುಕ್ಕಾಲು ಮೈ ಮರೆಯಾದರೆ 5. ಕೆಸರು, ಕಲ್ಲುರಾಶಿ, ಪೊದೆಗಳಲ್ಲಿ ಒಂದು ಅಡಿ ನಡೆಯಲು ಎರಡು ಅಡಿಯ ನಡಿಗೆ ಖರ್ಚಾಗುತ್ತದೆ. ಹಾಗಾಗಿ ಒಂದು ಗೋಡೆಯ ತುಂಡು ಎಷ್ಟು ಎತ್ತರ, ಅದರಲ್ಲಿ ಕಿಂಡಿ ಇದೆಯೇ, ಅದರ ಹಿಂದೆ ಗೊಂಬೆ ನಿಲ್ಲಲು ಜಾಗವಿದೆಯೇ ಎಂಬುದು ಸೋಲು ಗೆಲುವನ್ನು ತೀರ್ಮಾನಿಸುತ್ತದೆ.

ಇದನ್ನು ಕಲಿಸಲು ಉಪ್ಪಲಿ ಬುರುಜಿಗಿಂತ ಒಳ್ಳೆಯ ಮೇಷ್ಟ್ರು ಬೇರೆ ಬೇಡ. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಆ ದುಂಡು ಬುರುಜಿನ ಎತ್ತರ 80 ಅಡಿಯ ಆಸುಪಾಸು. ಮೆಟ್ಟಿಲುಗಳು ಹೊರಮೈಯನ್ನು ಸುತ್ತಿಕೊಂಡು ಏರುತ್ತವೆ, ತುದಿಯಲ್ಲಿ ಉದ್ದನೆಯ ತೋಪುಗಳಿವೆ. ಮೇಲೆ ನಿಂತವನಿಗೆ ಇಡೀ ಊರು ಕಾಣುತ್ತದೆ. ಹತ್ತುವವನಾದರೋ ದಾರಿಯುದ್ದಕ್ಕೂ ಬಯಲಿನ ಕಣ್ಣಿಗೆ ಬೀಳುತ್ತಾನೆ. ನೋಟವನ್ನೂ ಅಪಾಯವನ್ನೂ ಒಟ್ಟಿಗೇ ಇಟ್ಟ ಕಟ್ಟಡವದು. ಟೆರೇನ್‌ನ ಒಳ್ಳೆಯ ತುಂಡಿನಲ್ಲಿ ಇರಬೇಕಾದದ್ದೂ ಇವೆರಡೇ.

“ಅಳತೆ ಅಸಲಿನ ಹಾಗೇ ಇದ್ದರೆ ಆಟ ಚೆಂದ”

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಈ ಆಟದಲ್ಲಿ ಸಾಮಾನ್ಯವಾಗಿ ಒಂದು ಇಂಚಿನ ಚೌಕ ಐದು ಅಡಿ ನೆಲಕ್ಕೆ ಸಮ. ಅಂದರೆ ಅಸಲಿನ ಅರುವತ್ತರಲ್ಲಿ ಒಂದು ಪಾಲು. ಈ ಲೆಕ್ಕವನ್ನು ನಮ್ಮೂರಿಗೇ ಹಚ್ಚಿ ನೋಡೋಣ.

ವಿಜಯಪುರದ ಹೊರಕೋಟೆಯ ಸುತ್ತಳತೆ ಸುಮಾರು 10 ಕಿಲೋಮೀಟರ್. ಮೊದಲನೆಯ ಅಲಿ ಆದಿಲಶಾಹ 1565ರ ಹೊತ್ತಿಗೆ ಕಟ್ಟಿ ಮುಗಿಸಿದ ಗೋಡೆಯದು, 96 ಬುರುಜುಗಳು. ಆಟದ ಅಳತೆಗೆ ಇಳಿಸಿದರೂ ಅದು 160 ಮೀಟರಿಗಿಂತ ಉದ್ದವಾಗುತ್ತದೆ. ಯಾರ ಮನೆಯಲ್ಲಿಯೂ ಹಿಡಿಸದು. ಸರಿ, ಒಂದು ಮೂಲೆ ಮಾತ್ರ ಮಾಡೋಣವೆಂದರೆ ಎತ್ತರದ ತೊಡಕು. 30ರಿಂದ 50 ಅಡಿಯ ಗೋಡೆ ಮೇಜಿನ ಮೇಲೆ 6ರಿಂದ 10 ಇಂಚು ಆಗುತ್ತದೆ. ಆಚೆ ಬದಿಗೆ ಕೂತವರಿಗೆ ತಮ್ಮ ಗೊಂಬೆಯೇ ಕಾಣುವುದಿಲ್ಲ, ಗೋಡೆಯಾಚೆ ಕೈ ಹಾಕಿದರೆ ನಾಲ್ಕು ತುಂಡು ಉರುಳುತ್ತವೆ. ಅದಕ್ಕೇ ಅನುಭವಸ್ಥರು ಒಳಗೋಣೆಯ ಗೋಡೆಗಳನ್ನು ಎರಡು ಇಂಚಿನ ಒಳಗೇ ನಿಲ್ಲಿಸುತ್ತಾರೆ. ಗೋಡೆ ಇದೆ ಎಂದು ಕಣ್ಣಿಗೆ ತಿಳಿದರೆ ಸಾಕು, ಉಳಿದದ್ದನ್ನು ಕಲ್ಪನೆ ಪೂರೈಸುತ್ತದೆ.

ಮೆಟ್ಟಿಲಂತೂ ಇನ್ನೂ ಕಠಿಣ. ಒಂದು ಅಡಿ ಅಗಲದ ನಿಜವಾದ ಮೆಟ್ಟಿಲು ಈ ಅಳತೆಯಲ್ಲಿ ಬರೀ 5 ಮಿಲಿಮೀಟರ್. ಸಾಧಾರಣ ಗೊಂಬೆಯ ಪೀಠವೇ 25 ಮಿಲಿಮೀಟರ್ ಅಗಲವಿರುತ್ತದೆ. ಉಪ್ಪಲಿ ಬುರುಜನ್ನು ಅಚ್ಚುಕಟ್ಟಾಗಿ ಇಳಿಸಿದರೆ ಅದರ ಮೆಟ್ಟಿಲ ಮೇಲೆ ಒಂದು ಗೊಂಬೆಯೂ ನಿಲ್ಲದು. ಹಾಗಾಗಿ ಮೆಟ್ಟಿಲಿನ ತುಂಡು ಕೊಳ್ಳುವಾಗ ಪೀಠವನ್ನು ಅದರ ಮೇಲಿಟ್ಟು ನೋಡಿ. ನಿಲ್ಲದಿದ್ದರೆ ಎಷ್ಟೇ ನಾಜೂಕಾಗಿದ್ದರೂ ಬೇಡ. ನಡುನಡುವೆ ಒಂದಿಂಚಿನ ಕಟ್ಟೆಗಳಿರುವ ತುಂಡೇ ಕೆಲಸಕ್ಕೆ ಬರುತ್ತದೆ.

ಗೋಲಗುಮ್ಮಟದ ಒಳಗನ್ನು ಆಟಕ್ಕೆ ತರಬೇಕೆಂಬ ಆಸೆ ಈ ಕಡೆಯ ಪ್ರತಿಯೊಬ್ಬ ಆಟಗಾರನಿಗೂ ಬಂದೇ ಬರುತ್ತದೆ, ಬರಲಿ. ಒಳಗಿನ ಹಜಾರದ ಒಂದೊಂದು ಬದಿ ಸುಮಾರು 135 ಅಡಿ, ಅಂದರೆ 27 ಚೌಕ. ಇಷ್ಟು ಮೇಜಿನ ಮೇಲೆ ಸಲೀಸಾಗಿ ಕೂರುತ್ತದೆ. ಪಿಸುಮಾತೂ ಮರುದನಿಸುವ ಮೇಲಿನ ಮೊಗಸಾಲೆಯ ಅಗಲ 11 ಅಡಿ, ಎರಡು ಚೌಕಕ್ಕಿಂತ ತುಸು ಹೆಚ್ಚು. ಇಬ್ಬರು ಎದುರುಬದುರಾಗಿ ಕಾದಾಡಲು ಇದಕ್ಕಿಂತ ರೋಚಕ ಜಾಗ ಸಿಕ್ಕದು. ಆದರೆ ಅದು ನೆಲದಿಂದ 110 ಅಡಿ ಮೇಲಿದೆ, ಮೇಜಿನ ಲೆಕ್ಕದಲ್ಲಿ 22 ಇಂಚು. ಅಷ್ಟೆತ್ತರಕ್ಕೆ ಕಂಬ ಕೊಟ್ಟು ನಿಲ್ಲಿಸಿದರೆ ಕೆಳಗಿನ ಆಟ ಸತ್ತಂತೆ. ಹಜಾರವನ್ನು ಒಂದು ಕಡೆ, ಮೊಗಸಾಲೆಯನ್ನು ಅದರ ಪಕ್ಕದಲ್ಲಿ ಬೇರೆಯಾಗಿ ಹಾಸಿ, ನಡುವಿನ ಎತ್ತರವನ್ನು ಬಾಯಲ್ಲಿ ಹೇಳಿಬಿಡಿ. ಎರಡೂ ಕಡೆ ಆಟ ಸರಾಗವಾಗಿ ನಡೆಯುತ್ತದೆ.

ಅಸಲಿನ ಅಳತೆಗೆ ಒಪ್ಪುವ ವಸ್ತುಗಳೂ ಇಲ್ಲದಿಲ್ಲ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದು, ಆಮೇಲೆ ಷೇರ್ಜಾ ಬುರುಜನ್ನೇರಿದ ಮಲಿಕ್-ಎ-ಮೈದಾನ್ ತೋಪಿನ ಉದ್ದ 14 ಅಡಿ ಚಿಲ್ಲರೆ, ದಪ್ಪ ಸುಮಾರು 5 ಅಡಿ. ಮೂರು ಚೌಕ ಉದ್ದ, ಒಂದು ಚೌಕ ದಪ್ಪ. ಆಟಕ್ಕೆಂದೇ ಎರೆದಂತಿದೆ!

“ಮಾಡ್ಯುಲರ್ ಎಂದ ಮೇಲೆ ಎಲ್ಲವೂ ಎಲ್ಲಕ್ಕೂ ಕೂಡುತ್ತವೆ”

ಕೂಡುವುದಿಲ್ಲ. ಒಬ್ಬ ತಯಾರಕನ ನೆಲದ ತುಂಡಿನ ದಪ್ಪ ಇನ್ನೊಬ್ಬನದಕ್ಕಿಂತ ಬೇರೆ, ಪಕ್ಕಪಕ್ಕ ಇಟ್ಟರೆ ಏಣು ಬೀಳುತ್ತದೆ. ತುಂಡುಗಳನ್ನು ಹಿಡಿದಿಡುವ ಬಗೆಯೂ ಬೇರೆ: ಪ್ರಿಂಟಬಲ್ ಸೀನರಿಯವರ ಓಪನ್‌ಲಾಕ್ ಪದ್ಧತಿಗೆ ಕ್ಲಿಪ್ ಬೇಕು, ಕೆಲವಕ್ಕೆ ಅಯಸ್ಕಾಂತ, ಇನ್ನು ಕೆಲವು ತಮ್ಮ ಭಾರದಿಂದಲೇ ಕೂತಿರುತ್ತವೆ. ಇದಕ್ಕಿಂತ ದೊಡ್ಡ ಭೇದ ಗೋಡೆಯ ಜಾಗದ್ದು. ಎರಡಿಂಚು ಚೌಕದ ತುಂಡಿನ ಮೇಲೇ ಅರ್ಧ ಇಂಚು ದಪ್ಪದ ಗೋಡೆ ಕೂತಿದ್ದರೆ ಉಳಿಯುವುದು ಒಂದೂವರೆ ಇಂಚು, ಎರಡು ಸಾಲು ಗೊಂಬೆ ನಿಲ್ಲಬೇಕಾದಲ್ಲಿ ಒಂದೇ ಸಾಲು. ಗೋಡೆ ಚೌಕದ ಹೊರಗೆ ನಿಲ್ಲುವ ಪದ್ಧತಿಯಲ್ಲಿ ಈ ನಷ್ಟವಿಲ್ಲ. ಎರಡನ್ನೂ ಬೆರೆಸಿದರೆ ಓಣಿಗಳು ಒಂದಕ್ಕೊಂದು ಎದುರಾಗುವುದೇ ಇಲ್ಲ. ಒಂದು ಪದ್ಧತಿ ಹಿಡಿದು ಅದರಲ್ಲೇ ಬೆಳೆಸಿ. ದೈತ್ಯರಂಥ ದೊಡ್ಡ ಗೊಂಬೆಯ ಪೀಠ ಎರಡಿಂಚು ಇರುತ್ತದೆ, ಒಂದಿಂಚಿನ ಓಣಿಯಷ್ಟೇ ಕಟ್ಟಿಕೊಂಡರೆ ಅದು ಬಾಗಿಲಾಚೆಯೇ ಉಳಿಯುತ್ತದೆ.

ಹೊಳೆಯ ತುಂಡಿಗೆ ಒಂದೇ ಕಟ್ಟಳೆ: ಎರಡೂ ತುದಿಯಲ್ಲಿ ನೀರಿನ ಅಗಲ ಒಂದೇ ಇರಬೇಕು, ತುಂಡಿನ ಅಂಚಿನ ಅದೇ ಜಾಗಕ್ಕೆ ಬಂದು ಮುಟ್ಟಬೇಕು. ನಡುವೆ ಹೇಗೆ ಬೇಕಾದರೂ ಡೊಂಕಾಗಲಿ. ಬಬಲೇಶ್ವರ ತಾಲ್ಲೂಕಿನ ಸಾರವಾಡದ ಹತ್ತಿರ ಡೋಣಿ ಬೇಸಗೆಯಲ್ಲಿ ಹೇಗಿರುತ್ತದೆ, ಮಳೆಗೆ ಉಕ್ಕಿ ಹೊಲಗಳಿಗೆ ನುಗ್ಗಿದಾಗ ಹೇಗಿರುತ್ತದೆ ಎಂದು ಕಂಡವರು ಒಂದೆರಡು ಅಗಲವಾದ ನೆರೆ ತುಂಡುಗಳನ್ನೂ ಮಾಡಿಟ್ಟುಕೊಳ್ಳಲಿ. ಆಟದ ನಡುವೆ ಹೊಳೆ ತುಂಬಿ ದಾರಿ ಮುಚ್ಚುವುದು ಎಂಥ ರಾಕ್ಷಸನಿಗಿಂತಲೂ ಗಟ್ಟಿ ತಡೆ.

“ದೊಡ್ಡ ಸೆಟ್ ಕೊಂಡರೆ ಚಿಂತೆಯಿಲ್ಲ”

ಎರಡಡಿ ಉದ್ದ, ಎರಡಡಿ ಅಗಲದ ಜಾಗವನ್ನು ಎರಡಿಂಚಿನ ಬಿಲ್ಲೆಗಳಿಂದ ಮುಚ್ಚಲು 144 ಬಿಲ್ಲೆ ಬೇಕು. ಅವನ್ನು ಜೋಡಿಸುವಷ್ಟರಲ್ಲಿ ಜೊತೆಯವರು ಎದ್ದು ಹೋಗಿರುತ್ತಾರೆ. ಬೂದು ಅಥವಾ ಮಣ್ಣಿನ ಬಣ್ಣದ ದಪ್ಪ ಬಟ್ಟೆ ಹಾಸಿ, ಕಾದಾಟ ನಡೆಯುವ ಕಡೆ ಮಾತ್ರ ತುಂಡು ಇಟ್ಟರೆ ಸಾಕು. ನೇರ ಗೋಡೆ ಎಂಟು, ಮೂಲೆ ನಾಲ್ಕು, ಬಾಗಿಲು ಎರಡು, ಒಂದು ಮೆಟ್ಟಿಲು, ಅಲ್ಲಲ್ಲಿ ಚೆಲ್ಲಲು ಒಂದಿಷ್ಟು ಕಲ್ಲುರಾಶಿ. ಶುರುವಿಗೆ ನಾನು ಹೇಳುವುದು ಇಷ್ಟೇ.

“ಪ್ರಿಂಟ್ ಮಾಡಿದ್ದು ಗಟ್ಟಿ, ಥರ್ಮಾಕೋಲ್ ಕಸ, ಎರೆಮಣ್ಣು ಪುಕ್ಕಟೆ”

ಮೂರೂ ಅರ್ಧಸತ್ಯ. ತ್ರೀಡಿ ಪ್ರಿಂಟರಿನಲ್ಲಿ ಹೆಚ್ಚಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಲ್ಲಿಸಿ ಗಾಜು ಮುಚ್ಚಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಅಲ್ಲಿ ಮರೆತುಬಿಟ್ಟ ತೆಳ್ಳನೆಯ ಗೋಡೆ ಸಂಜೆಗೆ ಸೊಟ್ಟಗಾಗಿರುತ್ತದೆ. ಈ ಸೀಮೆಯಲ್ಲಿ ಪ್ರಿಂಟ್ ಮಾಡಿಸುವುದಾದರೆ 80 ಡಿಗ್ರಿಯವರೆಗೂ ತಾಳುವ ಪಿಇಟಿಜಿ ಕೇಳಿ, ಡಬ್ಬಿಯನ್ನು ತಗಡಿನ ಮಾಡಿನ ಅಡಿ ಇಡಬೇಡಿ.

ಥರ್ಮಾಕೋಲ್ ಹಗುರ, ಅಗ್ಗ, ಕೈಗೆ ಬಗ್ಗುತ್ತದೆ. ಅದರ ಶತ್ರು ದ್ರಾವಕ. ಸ್ಪ್ರೇ ಬಣ್ಣವೂ ರಬ್ಬರ್ ಅಂಟೂ ನೇರವಾಗಿ ತಾಗಿದರೆ ಕರಗಿ ಗುಳಿ ಬೀಳುತ್ತದೆ. ಫೆವಿಕಾಲಿನಲ್ಲಿ ಕಪ್ಪು ಅಕ್ರಿಲಿಕ್ ಬಣ್ಣ ಕಲಸಿ ಎರಡು ಕೈ ಬಳಿದು ಒಣಗಿಸಿದರೆ ಮೇಲ್ಮೈ ಗಟ್ಟಿಯಾಗುತ್ತದೆ, ಆಮೇಲೆ ಕುಂಚದಿಂದ ಬಣ್ಣ ಹಚ್ಚಿ. ಕಾದ ತಂತಿಯಿಂದ ಕತ್ತರಿಸುವವರು ಕಿಟಕಿ ತೆರೆದಿಡಲೇಬೇಕು, ಆ ಹೊಗೆ ಮಕ್ಕಳ ಶ್ವಾಸಕ್ಕೆ ಹೋಗಕೂಡದು. ತಿಕೋಟಾದ ದ್ರಾಕ್ಷಿ ತುಂಬುವ ರಟ್ಟಿನ ಪೆಟ್ಟಿಗೆಯೂ ಒಳ್ಳೆಯ ಸಾಮಾನೇ. ಎರಡು ಪದರವನ್ನು ಒಳಗಿನ ಗೆರೆಗಳು ಅಡ್ಡಡ್ಡ ಬರುವಂತೆ ಅಂಟಿಸಿ ಎರಡೂ ಮುಖಕ್ಕೆ ಬಣ್ಣ ಬಳಿಯಿರಿ. ಒಂದೇ ಮುಖಕ್ಕೆ ಬಳಿದರೆ ಒಣಗುತ್ತ ಬಿಲ್ಲಿನಂತೆ ಬಾಗುತ್ತದೆ.

ಎರೆಮಣ್ಣಿನ ವಿಷಯ ಬೇರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ ಮಾಡಿ ಪಳಗಿದ ಕೈಗಳಿಗೆ ಕೋಟೆಯನ್ನೂ ಮಣ್ಣಲ್ಲೇ ಮಾಡೋಣ ಅನ್ನಿಸುವುದು ಸಹಜ. ಆದರೆ ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೇಸಗೆಯಲ್ಲಿ ಹೊಲ ಬಿರಿಯುವುದು ಇದೇ ಕಾರಣಕ್ಕೆ. ಪುಟ್ಟ ಎತ್ತು ಹಬ್ಬದ ಮಟ್ಟಿಗೆ ಉಳಿದೀತು, ಚಪ್ಪಟೆಯಾದ ನೆಲದ ಬಿಲ್ಲೆ ಮಾತ್ರ ಬಿರುಕು ಬಿಟ್ಟು ಅಂಚು ಮೇಲೆದ್ದು ಪಕ್ಕದ ಬಿಲ್ಲೆಗೆ ಕೂಡುವುದಿಲ್ಲ. ಒಣಗಿದ ಎರೆಮಣ್ಣನ್ನು ಜರಡಿ ಹಿಡಿದು, ರಟ್ಟಿನ ಮೇಲೆ ಫೆವಿಕಾಲ್ ಸವರಿ ತೆಳ್ಳಗೆ ಉದುರಿಸಿ. ನಮ್ಮ ಹೊಲದ ಬಣ್ಣವೇ ಮೇಜಿಗೆ ಬರುತ್ತದೆ.

“ಫ್ಯಾಂಟಸಿ ಎಂದರೆ ಯುರೋಪಿನ ಕೋಟೆ”

ಮಾರುಕಟ್ಟೆಯ ಸೆಟ್‌ಗಳಲ್ಲಿ ಹಾಗಿರುವುದು ನಿಜ. ಆಟದ ನಿಯಮದಲ್ಲಿ ಹಾಗೇನೂ ಇಲ್ಲ. 1672ರಲ್ಲಿ ತೀರಿಕೊಂಡ ಎರಡನೆಯ ಅಲಿ ಆದಿಲಶಾಹನ ಬಾರಾ ಕಮಾನ್ ಅಪೂರ್ಣವಾಗಿ ನಿಂತಿದೆ: ಛಾವಣಿಯಿಲ್ಲ, ಕಮಾನುಗಳ ಸಾಲು ಮಾತ್ರ. ಮೇಲಿನಿಂದ ಕೈ ಹಾಕಬಹುದು, ಕಮಾನಿನ ಮೂಲಕ ನೋಟ ಹಾಯುತ್ತದೆ, ಕಂಬದ ಹಿಂದೆ ಮರೆ ಸಿಗುತ್ತದೆ. ಆಟಕ್ಕೆ ಇದಕ್ಕಿಂತ ಒಪ್ಪುವ ವಿನ್ಯಾಸ ಯಾವ ದುಬಾರಿ ಸೆಟ್ಟಿನಲ್ಲೂ ಕಂಡಿಲ್ಲ. 1620ರ ತಾಜ್ ಬಾವಡಿಯಂಥ ಮೆಟ್ಟಿಲು ಬಾವಿ ಇಳಿಯುತ್ತ ಹೋಗುವ ಸಾಹಸಕ್ಕೆ ಹೇಳಿ ಮಾಡಿಸಿದ್ದು. ಬಣ್ಣಕ್ಕೂ ದೂರ ಹೋಗಬೇಕಿಲ್ಲ. ಇಲ್ಲಿನ ಕಪ್ಪುಗಲ್ಲಿಗೆ ಮೊದಲು ಕಪ್ಪು, ಮೇಲೆ ಕಂದು ಬೆರೆತ ಬೂದು, ಕೊನೆಗೆ ಬಹುತೇಕ ಒಣಗಿದ ಕುಂಚದಲ್ಲಿ ತಿಳಿ ಬೂದನ್ನು ಏಣುಗಳ ಮೇಲಷ್ಟೇ ಸವರಿ.

ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಗೋಲಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಮೂರೂ ಸಮಾಧಿಗಳು. ಅವುಗಳ ಕಮಾನು, ಮೊಗಸಾಲೆ, ಮೀನಾರುಗಳ ರೂಪವನ್ನು ಎರವಲು ತನ್ನಿ, ಗೋರಿಗಳನ್ನು ಭೂತಪ್ರೇತಗಳ ತಾಣವಾಗಿ ಮೇಜಿಗೆ ತರಬೇಡಿ. ಅಳತೆಗೆ ಹೋದಾಗ ಹೆಜ್ಜೆ ಎಣಿಸಿ, ಫೋಟೋ ತೆಗೆಯಿರಿ. ರಕ್ಷಿತ ಸ್ಮಾರಕದ ಒಂದು ಚೂರು ಕಲ್ಲನ್ನೂ ‘ನಮೂನೆ’ಗೆಂದು ಎತ್ತಿಕೊಳ್ಳಬೇಡಿ. ಮೊದಲ ತುಂಡಾಗಿ ಒಂದೇ ಒಂದು ಕಮಾನು ಮಾಡಿ: ಮೂರಿಂಚು ಅಗಲ, ನಡುವೆ ಎರಡಿಂಚಿನ ದಾರಿ. ಅದರಡಿ ದೊಡ್ಡ ಗೊಂಬೆಯೂ ನುಸುಳುತ್ತದೆ, ಅಂಥವೇ ನಾಲ್ಕು ಸೇರಿದರೆ ಆ ವಾರದ ಆಟಕ್ಕೆ ಸಾಕು.